ಹಾರ್ಟನ್ 229 ಅಥವಾ ಮೆಸ್ಸರ್‌ಸ್ಮಿಟ್ ಪಿ.1101: ಯಾವ ವಿಮಾನದ ಪುಟ್ಟ ಮಾಡೆಲ್ ಕಟ್ಟಬೇಕು?

ಎರಡೂ ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನಿ ಮಾಡಲು ಹೊರಟಿದ್ದ ಜೆಟ್‌ಗಳು, ಎರಡೂ ಕಾರ್ಖಾನೆಯಿಂದ ಸಾಲಾಗಿ ಹೊರಬರಲಿಲ್ಲ. ನೋಡಿದ ತಕ್ಷಣ ಮನಸ್ಸು ಸೆಳೆಯುವುದು ಹಾರ್ಟನ್. ಬಾಲವೇ ಇಲ್ಲ, ಇಡೀ ವಿಮಾನವೇ ಒಂದು ರೆಕ್ಕೆ, ನಡುವೆ ಉಕ್ಕಿನ ಪೈಪುಗಳ ಚೌಕಟ್ಟು, ಹೊರಗೆ ಪ್ಲೈವುಡ್ ಹೊದಿಕೆ, ಪೈಲಟ್‌ನ ಎರಡೂ ಪಕ್ಕಕ್ಕೆ ಒಂದೊಂದು ಯೂಮೋ 004 ಅನ್ನುವ ಜೆಟ್ ಎಂಜಿನ್. ಇದು ನಿಜವಾಗಿ ಹಾರಿತ್ತು ಕೂಡ. 1945ರ ಫೆಬ್ರವರಿ 18ರಂದು ಒಂದು ಎಂಜಿನ್ ಕೈಕೊಟ್ಟು ವಿಮಾನ ಬಿತ್ತು, ಪೈಲಟ್ ಎರ್ವಿನ್ ಜಿಲ್ಲರ್ ತೀರಿಕೊಂಡರು. (ರೇಡಾರಿಗೇ ಕಾಣದ ವಿಮಾನ ಅನ್ನುವ ಕಥೆಯನ್ನು ಸುಮ್ನೆ ನಂಬಬೇಡಿ.)

ಪಿ.1101 ನೋಡಲು ಸ್ವಲ್ಪ ಸಪ್ಪೆ, ಹೊಟ್ಟೆ ಉಬ್ಬಿದ ಮೀನಿನ ಹಾಗಿದೆ, ಹಾರಲೂ ಇಲ್ಲ. ಆದರೆ ಕಥೆ ಜಾಸ್ತಿ ಇರುವುದು ಇದಕ್ಕೇ. ರೆಕ್ಕೆಯ ಓರೆಯನ್ನು, ಅಂದರೆ ರೆಕ್ಕೆ ಎಷ್ಟು ಹಿಂದಕ್ಕೆ ವಾಲಿರಬೇಕು ಅನ್ನುವುದನ್ನು, ನೆಲದ ಮೇಲಿದ್ದಾಗ ಬದಲಿಸಬಹುದಿತ್ತು. ಜರ್ಮನಿಯ ಓಬರಾಮರ್‌ಗೌ ಊರಿನಲ್ಲಿ ಸಿಕ್ಕಿದ ಈ ಅರೆಬರೆ ವಿಮಾನವನ್ನು ಅಮೆರಿಕನ್ನರು ಹೊತ್ತೊಯ್ದರು, ಅದರಿಂದ ಕಲಿತು ಅಲ್ಲಿನ ಬೆಲ್ ಕಂಪನಿ ಹಾರುತ್ತಲೇ ರೆಕ್ಕೆಯ ಓರೆ ಬದಲಿಸುವ ಎಕ್ಸ್-5 ವಿಮಾನ ಕಟ್ಟಿ 1951ರಲ್ಲಿ ಹಾರಿಸಿತು.

ಮೊದಲ ಸಲವಾದರೆ ಹಾರ್ಟನ್ ತಗೊಳ್ಳಿ. ಬಿದ್ದದ್ದಲ್ಲದ ಇನ್ನೊಂದು, ಪೂರ್ತಿಯಾಗದೆ ಉಳಿದ ಅಸಲಿ ವಿಮಾನ ಅಮೆರಿಕದ ವರ್ಜೀನಿಯಾದ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ, ಫೋಟೋ ನೋಡಿಕೊಂಡೇ ಕಟ್ಟಬಹುದು ಅಲ್ವಾ? ನಾನಂತೂ ಪಿ.1101 ಕಟ್ಟಿ, ಪಕ್ಕದಲ್ಲೇ ಎಕ್ಸ್-5 ಇಡುತ್ತೇನೆ.