ಬಟನ್ ಒತ್ತಿದರೆ ತಡ: ತಪ್ಪು ಟಿವಿಯದ್ದಾ, ಬೋರ್ಡಿನದ್ದಾ, ಸೆಟ್ಟಿಂಗಿನದ್ದಾ?

ಮನೆಯಲ್ಲಿ ಆರ್ಕೇಡ್ ಪೆಟ್ಟಿಗೆ, ಅಂದರೆ ಗೇಮ್ ಅಂಗಡಿಯಲ್ಲಿದ್ದಂಥ ವಿಡಿಯೋ ಗೇಮ್ ಪೆಟ್ಟಿಗೆ, ಕಟ್ಟಿದವರು ಬೇಗನೇ ಹೇಳುವ ಮಾತೊಂದುಂಟು. "ಒತ್ತಿದ್ದೇ ಬಂತು ಮಾರಾಯ, ಅದು ಹಾರುವುದೇ ಇಲ್ಲ." ಹಾಗೆ ಹೇಳಿದವರು ಆಮೇಲೆ ಮಾಡುವುದೂ ಒಂದೇ ಕೆಲಸ, ಹೊಸ ಬಟನ್ ಹುಡುಕುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಟನಿಗೆ ದುಡ್ಡು ಹಾಕುವುದು ಕಟ್ಟಕಡೆಗೆ. ಮೊದಲು ಟಿವಿ ನೋಡಿ, ಆಮೇಲೆ ವಯರುಗಳೆಲ್ಲ ಬಂದು ಸೇರುವ ಬೋರ್ಡು, ಆಮೇಲೆ ಸೆಟ್ಟಿಂಗು.

ನಮ್ಮ ಪೆಟ್ಟಿಗೆ ಇರುವುದು ಕುಂಬಳೆಯ ಮನೆಯಲ್ಲಿ. ಒಳಗೆ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರು, ಅದರಲ್ಲಿ ಹಳೇ ಆಟಗಳನ್ನು ಓಡಿಸುವ ರೆಟ್ರೋಪೈ ಸಾಫ್ಟ್‌ವೇರ್. ಭಾವ ಬಂದರೆ ಆಡುವುದು ಒಂದೇ ಆಟ, 1993ರ ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್. ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮುಸ್ತಫಾ ಗೇಮ್ ಅಂದರೆ ಎಲ್ಲರಿಗೂ ಗೊತ್ತು. ಅದು ಗುದ್ದಿ ಒದೆಯುವ ಆಟ, ಸ್ವಲ್ಪ ತಡ ಆದರೂ ನಡೆಯುತ್ತದೆ. ಆದರೆ ಗುಂಡು ಹಾರಿಸುತ್ತಾ ಓಡುವ ಮೆಟಲ್ ಸ್ಲಗ್ ಆಟ ಹಾಕಿದರೆ ಗ್ರೆನೇಡ್ ಮೈಮೇಲೆ ಬಿದ್ದ ಮೇಲೆ ನಮ್ಮವನು ಹಾರುತ್ತಿದ್ದ. "ಮಾವ, ನಾನು ಸರಿಯಾಗಿ ಒತ್ತಿದ್ದೇನೆ, ಇದೇ ಲೇಟು" ಅಂತ ಅಳಿಯನ ದೂರು. ಹುಡುಗ ಹೇಳಿದ್ದು ಸರಿಯೇ ಇತ್ತು.

ಸುಮ್ನೆ ಅಂದಾಜಿನಲ್ಲಿ ಹೋದರೆ ಯಾವುದು ಯಾವುದಕ್ಕಿಂತ ಮೇಲು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅಳತೆ ಮೊದಲು. ಫೋನಿನ ಸ್ಲೋ ಮೋಷನ್ ಸಾಕು, ಸೆಕೆಂಡಿಗೆ 240 ಚಿತ್ರ ತೆಗೆಯುವಂಥದ್ದು. ಬೆರಳು ಮತ್ತು ಪರದೆ ಎರಡೂ ಒಟ್ಟಿಗೆ ಕಾಣುವ ಹಾಗೆ ಫೋನನ್ನು ನಿಲ್ಲಿಸಿ, ಬಟನ್ ಒತ್ತಿ, ಆಮೇಲೆ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸಿ. ಬಟನ್ ತಳ ಮುಟ್ಟಿದ ಚಿತ್ರದಿಂದ ಆಟದ ಮನುಷ್ಯ ಅಲುಗಾಡಿದ ಚಿತ್ರದವರೆಗೆ ಎಣಿಸಿದರೆ ಆಯಿತು. ಒಂದು ಚಿತ್ರಕ್ಕೆ ಸುಮಾರು 4 ಮಿಲಿಸೆಕೆಂಡು. ಆಟ ಓಡುವುದು ಸೆಕೆಂಡಿಗೆ ಹೆಚ್ಚುಕಮ್ಮಿ 60 ಫ್ರೇಮಿನಲ್ಲಿ, ಅಂದರೆ ಆಟದ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡು, ಫೋನಿನ ನಾಲ್ಕು ಚಿತ್ರ. ಒಮ್ಮೆ ಅಳೆದರೆ ಸಾಲದು, ಒತ್ತುವ ಗಳಿಗೆ ಫ್ರೇಮಿನ ನಡುವೆ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಲೆಕ್ಕ ಆಚೀಚೆ ಆಗುತ್ತದೆ. ಕೆಲವು ಸಲ ಅಳೆದು ಸರಾಸರಿ ತೆಗೆಯಿರಿ.

ಇನ್ನು ಟಿವಿ. ನಮ್ಮದು 32 ಇಂಚಿನ ಸಾಮಾನ್ಯ ಎಲ್‌ಇಡಿ ಟಿವಿ. ಅಂಗಡಿಯಿಂದ ಬಂದ ಸೆಟ್ಟಿಂಗಿನಲ್ಲೇ ಅಳೆದಾಗ ಹತ್ತಿರ ಹತ್ತಿರ 40 ಚಿತ್ರ ಬಂತು. ಅಂದರೆ 160 ಮಿಲಿಸೆಕೆಂಡಿಗೂ ಮೇಲೆ! ಟಿವಿಯ ತಪ್ಪು ಅನ್ನುವುದಕ್ಕಿಂತ ಅದರ ಬುದ್ಧಿವಂತಿಕೆಯ ತಪ್ಪು ಅನ್ನಬೇಕು. ಬಂದ ಚಿತ್ರವನ್ನು ಅದು ಹಿಡಿದಿಟ್ಟುಕೊಂಡು ಬಣ್ಣ ಏರಿಸುತ್ತದೆ, ಕಾಳು ತೆಗೆಯುತ್ತದೆ, ಚಲನೆ ನಯ ಮಾಡುತ್ತದೆ, ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಶಬ್ದವನ್ನೂ ಅಷ್ಟೇ ತಡ ಮಾಡಿ ಬಿಡುತ್ತದೆ. ಆಡುವವನ ಬೆರಳನ್ನು ಮಾತ್ರ ಅದಕ್ಕೆ ತಡ ಮಾಡಲಿಕ್ಕೆ ಆಗುವುದಿಲ್ಲ ಅಲ್ವಾ.

ಈ ಅಲಂಕಾರವನ್ನೆಲ್ಲ ಬಿಟ್ಟುಬಿಡುವ ಗೇಮ್ ಮೋಡ್ ಟಿವಿಯಲ್ಲೇ ಇರುತ್ತದೆ, ಅದನ್ನು ಹಾಕಿದ ಕೂಡಲೇ 40 ಇದ್ದದ್ದು 24ರ ಆಸುಪಾಸಿಗೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ. ಆದರೆ ಈ ಗೇಮ್ ಮೋಡ್ ಹುಡುಕುವುದೇ ಒಂದು ಕೆಲಸ. ಕೆಲವು ಟಿವಿಗಳಲ್ಲಿ ಪಿಕ್ಚರ್ ಮೋಡಿನಲ್ಲೇ ಇರುತ್ತದೆ, ಕೆಲವದರಲ್ಲಿ ಬೇರೆ ಮೆನುವಿನ ಒಳಗೆ ಅಡಗಿರುತ್ತದೆ, ಕೆಲವದರಲ್ಲಿ ಎಚ್‌ಡಿಎಂಐ ಇನ್‌ಪುಟ್ಟಿನ ಹೆಸರನ್ನು ಪಿಸಿ ಅಂತ ಬದಲಿಸಿದರೆ ಮಾತ್ರ ಟಿವಿ ತನ್ನ ಅಲಂಕಾರ ನಿಲ್ಲಿಸುತ್ತದೆ. ಅದೂ ಆಯಾ ಇನ್‌ಪುಟ್ಟಿಗೆ ಬೇರೆ ಬೇರೆ. ಕೇಬಲನ್ನು ಒಂದನೆಯ ತೂತಿನಿಂದ ಎರಡನೆಯದಕ್ಕೆ ಹಾಕಿದರೆ ಮತ್ತೆ ಮೊದಲಿನಿಂದ.

ಟಿವಿಗೆ ಎದುರಾಗಿ ಇನ್ನೆರಡನ್ನು ನಿಲ್ಲಿಸಿ ನೋಡಿದೆ. ಒಂದು, ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿದ 19 ಇಂಚಿನ ಆಫೀಸ್ ಮಾನಿಟರ್, 1280 ಇನ್‌ಟು 1024ರದ್ದು. ವಿಜಿಎ ಮಾತ್ರ ಇದ್ದ ಕಾರಣ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಸಣ್ಣ ಪರಿವರ್ತಕ ಬೇಕಾಯಿತು. ಅದರಿಂದ ತಡ ಜಾಸ್ತಿ ಆಗುತ್ತದೆ ಅಂತ ಹೆದರಿಸುವವರುಂಟು, ನನ್ನ ಅಳತೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಮಾನಿಟರಿನಲ್ಲಿ 20 ಚಿತ್ರ. ಗೇಮ್ ಮೋಡಿನ ಟಿವಿಗಿಂತ ಸುಮಾರು ಒಂದು ಫ್ರೇಮ್ ಬೇಗ. ಹಳೇ ಆಟಗಳು 4:3 ಪರದೆಗೆ ಮಾಡಿದವು, ಹಾಗಾಗಿ ಇಕ್ಕೆಲಗಳಲ್ಲಿ ಕಪ್ಪು ಪಟ್ಟಿಯ ಕಾಟವೂ ಇಲ್ಲ, ಮೇಲೆ ಕೆಳಗೆ ತೆಳ್ಳಗೆ ಒಂದು ಗೆರೆಯಷ್ಟೆ. ವಿಜಿಎಯಲ್ಲಿ ಶಬ್ದ ಬರುವುದಿಲ್ಲ, ಪೈಯ ಆಡಿಯೋ ತೂತಿನಿಂದ ಸಣ್ಣ ಆಂಪ್ಲಿಫೈಯರಿಗೆ ವಯರು ಎಳೆಯಬೇಕು.

ಇನ್ನೊಂದು, ಅಟ್ಟದ ಮೇಲಿದ್ದ ಹಳೇ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿ. ಪೈ 4ರಲ್ಲಿ ಹಳೇ ಟಿವಿಯ ಔಟ್‌ಪುಟ್ ತಾನಾಗಿ ಬರುವುದಿಲ್ಲ, ಕಾನ್‌ಫಿಗ್ ಫೈಲಿನಲ್ಲಿ ಟಿವಿ ಔಟ್ ಆನ್ ಮಾಡಬೇಕು. ನಮ್ಮ ದೇಶದ ಹಳೇ ಟಿವಿಗಳ ಪಾಲ್ ಪದ್ಧತಿ 50 ಹರ್ಟ್ಸಿನದು, ಅಂದರೆ ಸೆಕೆಂಡಿಗೆ 50 ಸಲ ಬಿಡಿಸುವುದು, ಆಟ 60ರದ್ದು, ಹಾಗಾಗಿ 60ರ ಎನ್‌ಟಿಎಸ್‌ಸಿ ಪದ್ಧತಿಗೆ ಹಾಕಬೇಕು, ಟಿವಿ ಅದನ್ನು ಒಪ್ಪಬೇಕು. ನಮ್ಮದು ಒಪ್ಪಿತು. ಬೇಗದಲ್ಲಿ ಇದನ್ನು ಮೀರಿಸುವುದು ಕಷ್ಟ, ಬಂದ ಗೆರೆಯನ್ನು ಬಂದ ಹಾಗೆ ಬಿಡಿಸುತ್ತಾ ಹೋಗುತ್ತದೆ, ಹಿಡಿದಿಟ್ಟುಕೊಳ್ಳುವ ಮಾತೇ ಇಲ್ಲ. ಆದರೂ ಮಾನಿಟರಿಗೂ ಇದಕ್ಕೂ ಒಂದೆರಡು ಚಿತ್ರದ ವ್ಯತ್ಯಾಸ ಅಷ್ಟೆ. ಅದಕ್ಕಾಗಿ ಆ ಭಾರ ಯಾರು ಹೊರುತ್ತಾರೆ? ಕವಚ ಬಿಚ್ಚಿ ಪೆಟ್ಟಿಗೆಯೊಳಗೆ ಕೂರಿಸುತ್ತೇನೆ ಅಂತ ಹೋಗಲೇಬೇಡಿ, ಆಫ್ ಮಾಡಿದ ಮೇಲೂ ಒಳಗೆ ಜೀವ ತೆಗೆಯುವಷ್ಟು ಕರೆಂಟು ನಿಂತಿರಬಹುದು. ನಾನು ಮಾನಿಟರನ್ನೇ ಇಟ್ಟುಕೊಂಡೆ.

ಇನ್ನು ಬೋರ್ಡು. ಬಟನ್ ಕಿಟ್ಟಿನ ಜೊತೆ ಬರುವ ಯುಎಸ್‌ಬಿ ಬೋರ್ಡಿನ ಹೆಸರೇ ಜೀರೋ ಡಿಲೇ, ಅಂದರೆ ತಡವೇ ಇಲ್ಲ ಅಂತ. ಹೆಸರಿನಲ್ಲಿ ಮಾತ್ರ. ಯುಎಸ್‌ಬಿಯಲ್ಲಿ ಬಟನ್ ಒತ್ತಿದ ಸುದ್ದಿಯನ್ನು ಬೋರ್ಡು ತಾನಾಗಿ ಹೇಳುವುದಿಲ್ಲ, ಕಂಪ್ಯೂಟರ್ ಬಂದು ಕೇಳಿದಾಗಲೇ ಹೇಳುವುದು. 8 ಮಿಲಿಸೆಕೆಂಡಿಗೊಮ್ಮೆ ಕೇಳಿದರೆ ಸರಾಸರಿ 4 ಮಿಲಿಸೆಕೆಂಡು ಕಾಯುವುದರಲ್ಲೇ ಹೋಯಿತು, ಕೆಟ್ಟ ಗಳಿಗೆಯಲ್ಲಿ ಪೂರ್ತಿ 8. ಅದರ ಮೇಲೆ ಬೋರ್ಡಿನ ಒಳಗಿನ ನಿಧಾನ ಬೇರೆ. ಪೈಯ ಸಿಎಮ್‌ಡಿಲೈನ್ ಫೈಲಿನಲ್ಲಿ ಜೆಎಸ್‌ಪೋಲ್ ಅನ್ನುವುದನ್ನು 1 ಮಾಡಿದರೆ ಹೆಚ್ಚು ಸಲ ಕೇಳುವ ಹಾಗೆ ಮಾಡಬಹುದು. ಮಾಡಿ ನೋಡಿದೆ, ನನ್ನ ಬೋರ್ಡಿನಲ್ಲಿ ಫೋನಿಗೆ ಕಾಣುವಷ್ಟು ಲಾಭ ಆಗಲಿಲ್ಲ.

ಇದಕ್ಕೆ ಎದುರಾಳಿ ರಾಸ್ಪ್‌ಬೆರಿ ಪೈ ಪಿಕೋ, 2021ರಲ್ಲಿ ಬಂದ ಬೆರಳುದ್ದದ ಬೋರ್ಡು. ಬೆಲೆ 500 ರೂಪಾಯಿಯೊಳಗೆ. ಇದರಲ್ಲಿ ಜಿಪಿ2040-ಸಿಇ ಅನ್ನುವ ಉಚಿತ ಸಾಫ್ಟ್‌ವೇರ್ ತುಂಬಿಸಿದರೆ ಸೆಕೆಂಡಿಗೆ 1000 ಸಲ ಉತ್ತರ ಕೊಡುವ ಜಾಯ್‌ಸ್ಟಿಕ್ ಬೋರ್ಡಾಗುತ್ತದೆ. ತುಂಬಿಸುವುದು ಪೆನ್‌ಡ್ರೈವಿಗೆ ಹಾಡು ಹಾಕುವಷ್ಟೇ ಸುಲಭ. ಬೂಟ್‌ಸೆಲ್ ಬಟನ್ ಒತ್ತಿ ಹಿಡಿದು ಕಂಪ್ಯೂಟರಿಗೆ ಚುಚ್ಚಿ, ಹೊಸ ಡ್ರೈವ್ ಕಾಣುತ್ತದೆ, ಫೈಲ್ ಎಳೆದು ಹಾಕಿ, ಮುಗಿಯಿತು. ಕಷ್ಟ ಇರುವುದು ಬೆಸುಗೆಯಲ್ಲಿ. ಜೀರೋ ಡಿಲೇ ಬೋರ್ಡಿಗೆ ವಯರು ಸಿಕ್ಕಿಸಿದರೆ ಆಯಿತು. ಪಿಕೋಗೆ ಒಂದೊಂದು ಬಟನಿನ ಒಂದು ಕಾಲನ್ನು ಅದರದರ ಪಿನ್ನಿಗೆ, ಇನ್ನೊಂದು ಕಾಲನ್ನೆಲ್ಲ ಸಾಲಾಗಿ ಸೇರಿಸಿ ಗ್ರೌಂಡಿಗೆ ಬೆಸೆಯಬೇಕು. ಬೆಸುಗೆ ಬಾರದವರು ಪಿನ್ ಮೊದಲೇ ಹಾಕಿ ಬರುವ ಪಿಕೋ ತೆಗೆದುಕೊಳ್ಳಿ.

ಅಳತೆಯಲ್ಲಿ 20 ಇದ್ದದ್ದು 17 ಆಯಿತು. ಬರೀ ಮೂರು ಚಿತ್ರವಾ ಅಂತ ಕೇಳಬಹುದು. ನಿಜ, ಗೇಮ್ ಮೋಡ್ ಪುಕ್ಕಟೆಯಾಗಿ ಕೊಟ್ಟ 16ರ ಎದುರು ಇದು ಏನೂ ಅಲ್ಲ. ಆದರೆ ಪಿಕೋದಲ್ಲಿ ಪ್ರತಿ ಸಲ ಒಂದೇ ರೀತಿ ಬರುತ್ತದೆ. ಹಳೇ ಬೋರ್ಡಿನಲ್ಲಿ ಒಮ್ಮೆ ಬೇಗ, ಒಮ್ಮೆ ತಡ. ಆಡುವ ಕೈಗೆ ಸಿಟ್ಟು ಬರಿಸುವುದು ಆ ಏರುಪೇರೇ, ಒಂದೇ ಸಮನೆ ತಡ ಆದರೆ ಕೈ ಹೊಂದಿಕೊಳ್ಳುತ್ತದೆ.

ಸೆಟ್ಟಿಂಗಿನಲ್ಲಿ ನೋಡಬೇಕಾದ್ದು ಮೂರು. ರೆಟ್ರೋಪೈಯ ಒಳಗೆ ಆಟ ಓಡಿಸುವ ಪ್ರೋಗ್ರಾಂ ರೆಟ್ರೋಆರ್ಚ್. ಅದರ ವಿಡಿಯೋ ಮೆನುವಿನಲ್ಲಿ ಥ್ರೆಡೆಡ್ ವಿಡಿಯೋ ಆನ್ ಇದ್ದರೆ ಆಫ್ ಮಾಡಿ. ಮ್ಯಾಕ್ಸ್ ಸ್ವಾಪ್‌ಚೈನ್ ಇಮೇಜಸ್ ಅನ್ನುವುದನ್ನು 3ರಿಂದ 2ಕ್ಕೆ ಇಳಿಸಿ, ಆಟ ತಡವರಿಸಿದರೆ ಮಾತ್ರ ವಾಪಸ್ ಏರಿಸಿ. ಇವೆರಡರಿಂದಲೇ ನನಗೆ ಒಂದು ಫ್ರೇಮ್ ಸಿಕ್ಕಿತು.

ಮೂರನೆಯದು ರನ್ ಅಹೆಡ್, ಸ್ವಲ್ಪ ಮಾಟದ ಹಾಗೆ. 2018ರಲ್ಲಿ ಬಂದದ್ದು. ಹಳೇ ಆಟಗಳು ಬಟನ್ ಓದಿದ ಮೇಲೂ ಒಂದೆರಡು ಫ್ರೇಮ್ ಬಿಟ್ಟೇ ಅಲುಗಾಡುತ್ತವೆ, ಅಸಲಿ ಮೆಷಿನ್ನಿನಲ್ಲೂ ಹಾಗೆಯೇ. ರನ್ ಅಹೆಡ್ ಆಟವನ್ನು ಗುಟ್ಟಾಗಿ ಮುಂದಕ್ಕೆ ಓಡಿಸಿ, ಮುಂದಿನ ಫ್ರೇಮನ್ನು ಈಗಲೇ ತೋರಿಸಿ, ಹಿಂದಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಇಡಬೇಕು ಅಂತ ತಿಳಿಯಲಿಕ್ಕೆ ಕೀಬೋರ್ಡಿನಲ್ಲಿ ಪಿ ಒತ್ತಿ ಆಟ ನಿಲ್ಲಿಸಿ, ಹಾರುವ ಬಟನ್ ಒತ್ತಿ ಹಿಡಿದುಕೊಂಡು ಕೆ ಒತ್ತುತ್ತಾ ಹೋಗಿ, ಒಂದೊಂದೇ ಫ್ರೇಮ್ ಸರಿಯುತ್ತದೆ. ಮೂರನೆಯದರಲ್ಲಿ ಹಾರಿದರೆ ಎರಡರವರೆಗೆ ಇಡಬಹುದು. ಅದಕ್ಕಿಂತ ಜಾಸ್ತಿ ಇಟ್ಟರೆ ಹಾರುವ ಮೊದಲ ಭಂಗಿಯೇ ನುಂಗಿಹೋಗಿ ಮನುಷ್ಯ ಜರ್ಕ್ ಹೊಡೆಯುತ್ತಾನೆ. ಪ್ರೊಸೆಸರಿಗೆ ಇದು ದುಪ್ಪಟ್ಟು ದುಡಿಮೆ. ಪೈ 4ರಲ್ಲಿ ಹಳೇ ಆಟಗಳಿಗೆ 1 ಇಟ್ಟರೆ ಆರಾಮ ನಡೆಯಿತು, ಭಾರದ ಆಟಗಳಲ್ಲಿ ಶಬ್ದ ಬಿರಿಯಿತು. ಆದ್ದರಿಂದ ಎಲ್ಲದಕ್ಕೂ ಒಟ್ಟಿಗೆ ಹಾಕಬೇಡಿ, ಓವರ್‌ರೈಡ್ಸ್ ಮೆನುವಿನಲ್ಲಿ ಆಟಕ್ಕೆ ಬೇರೆ ಬೇರೆಯಾಗಿ ಉಳಿಸಿ. ಮೂರೂ ಸೇರಿ 17ರಿಂದ 9ಕ್ಕೆ ಬಂತು.

ಪಿಕೋನಾ, ರನ್ ಅಹೆಡ್ಡಾ ಅಂತ ಒಂದನ್ನೇ ಆರಿಸು ಅಂದರೆ ನಾನು ರನ್ ಅಹೆಡ್ ಅನ್ನುತ್ತೇನೆ, ಲಾಭವೂ ಹೆಚ್ಚು, ಖರ್ಚೂ ಇಲ್ಲ. ಪೈ 3 ಇರುವವರಿಗೆ ಮಾತ್ರ ಪಿಕೋ. ಅದರ ಪ್ರೊಸೆಸರಿಗೆ ಆ ದುಡಿಮೆ ಜಾಸ್ತಿಯಾಗುತ್ತದೆ. ಇನ್ನು ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತಿದ್ದರೆ ಇದ್ಯಾವುದೂ ಬೇಡ, ಮೊದಲು ಆ ಮೊಬೈಲ್ ಚಾರ್ಜರ್ ಕಿತ್ತು ಸರಿಯಾದ 3 ಆಂಪಿಯರಿನ ಅಡಾಪ್ಟರ್ ಹಾಕಿ. ವೋಲ್ಟೇಜ್ ಬಿದ್ದರೆ ಪೈ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಬಟನ್? ಮೂವತ್ತು ಎಂಎಂನ ದುಬಾರಿ ಜಪಾನಿ ಬಟನನ್ನೂ ಕಿಟ್ಟಿನ ಅಗ್ಗದ ಬಟನನ್ನೂ ಪಕ್ಕಪಕ್ಕದಲ್ಲಿ ಹಾಕಿ ಅಳೆದೆ, ಚಿತ್ರದ ಲೆಕ್ಕದಲ್ಲಿ ಒಂದೇ. ಬೆರಳಿಗೆ ಹಾಯೆನಿಸುವುದು ಜಪಾನಿನದ್ದೇ, ಅದು ಬೇರೆ ಮಾತು. ಒಂದೇ ಒಂದು ಬಟನ್ ಮಾತ್ರ ತಡ ಅನಿಸಿದರೆ ಬಟನಿನ ಅಡಿಯ ಸಣ್ಣ ಸ್ವಿಚ್ಚು, ಅಂದರೆ ಮೈಕ್ರೋಸ್ವಿಚ್ಚಿನ ಕಾಲು ನೋಡಿ. ವಯರು ಒತ್ತಿದಾಗ ಮಾತ್ರ ಸೇರುವ ಎನ್‌ಒ ಕಾಲಿನ ಬದಲು ಒತ್ತದಿದ್ದಾಗ ಸೇರಿಕೊಂಡೇ ಇರುವ ಎನ್‌ಸಿ ಕಾಲಿಗೆ ಹೋಗಿದ್ದರೆ ಒತ್ತಿದಾಗ ಅಲ್ಲ, ಬಿಟ್ಟಾಗ ಕೆಲಸ ಮಾಡುತ್ತದೆ. ಅದು ಥೇಟ್ ತಡದ ಹಾಗೆಯೇ ಅನಿಸುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಆ ಕಾಲುಗಳಿಗೆ ಹಸಿರು ಕಿಲುಬು ಹಿಡಿಯುವುದೂ ಉಂಟು, ಆಗ ನಾಲ್ಕು ಸಲ ಒತ್ತಿದರೆ ಮೂರು ಸಲ ಕೇಳುತ್ತದೆ. ಕನೆಕ್ಟರ್ ಎಳೆದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ಬಿಗಿಯಾಗಿ ಸಿಕ್ಕಿಸಿ. ಹೊಸ ಸ್ವಿಚ್ಚು ಮಾತ್ರ ಹಾಕಿದರೂ ಸಾಕು, ಇಡೀ ಬಟನ್ ಬೇಡ.