ಸ್ಕೂಲ್ ಕೌನ್ಸೆಲರ್‌ಗೆ ಯಾವ ತರಬೇತಿ? ಡಿಪ್ಲೊಮಾ, ನಿಮ್ಹಾನ್ಸ್ ಕಾರ್ಯಾಗಾರ, ವೀಕೆಂಡ್ ಕೋರ್ಸ್, ಸೂಪರ್‌ವಿಷನ್: ಎಲ್ಲ ಮಾಡಿ ನೋಡಿದ ಮೇಲೆ

2025ರ ಜುಲೈನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಕೆಲಸಕ್ಕೆ ಇದ್ದಕ್ಕಿದ್ದಂತೆ ಬೆಲೆ ತಂದಿದೆ. ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್, ಸೈಕಾಲಜಿಸ್ಟ್ ಇಲ್ಲವೇ ಸೋಶಿಯಲ್ ವರ್ಕರ್ ಇರಬೇಕು, ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ಅವರಿಗೆ ತರಬೇತಿ ಆಗಿರಬೇಕು ಎಂದು ಅದರಲ್ಲಿದೆ. ಅದಾದ ಮೇಲೆ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. "ಮೇಡಂ, ನಮ್ಮ ಪ್ರಿನ್ಸಿಪಾಲರು ನನ್ನನ್ನೇ ಕೌನ್ಸೆಲರ್ ಮಾಡಿಬಿಟ್ಟಿದ್ದಾರೆ. ಬಯಾಲಜಿ ಪಾಠಾನೂ ನಾನೇ ಮಾಡ್ಬೇಕು. ಯಾವುದಾದ್ರೂ ಒಳ್ಳೆ ಕೋರ್ಸ್ ಹೇಳಿ, ಬೇಗ ಮುಗಿಯೋದು."

ಬೇಗ ಮುಗಿಯುವ ಕೋರ್ಸುಗಳಿಗೆ ಬೆಂಗಳೂರಿನಲ್ಲಿ ಬರ ಇಲ್ಲ. ನಾನೂ ಪಾಠ ಹೇಳುತ್ತಿದ್ದು, ಆಮೇಲೆ ಈ ಕಡೆ ಬಂದವಳು. ಅಂದಿನಿಂದ ಒಂದಲ್ಲ ಒಂದು ತರಬೇತಿಗೆ ಹೋಗುತ್ತಲೇ ಇದ್ದೇನೆ. ಕೆಲವಕ್ಕೆ ಸ್ಕೂಲಿನವರೇ ದುಡ್ಡು ಕೊಟ್ಟರು, ಜಾಸ್ತಿ ಕಡೆ ನನ್ನ ಕೈಯಿಂದಲೇ ಹೋಯಿತು. ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡುವಾಗ ನಾನು ಸಿಲಬಸ್ ನೋಡಲ್ಲ, ಸರ್ಟಿಫಿಕೇಟಿನ ಮೇಲೆ ಯಾರ ಸಹಿ ಇದೆ ಅಂತಲೂ ನೋಡಲ್ಲ. ಕಲಿಸುವವರು ನಾನು ಮಾತಾಡುವ ರೀತಿಯನ್ನು ಒಂದು ಸಲವಾದರೂ ನೋಡಿದರಾ, ತಿದ್ದಿದರಾ? ಈ ಒಂದು ಪ್ರಶ್ನೆಗೇ ಅರ್ಧ ಕೋರ್ಸುಗಳು ಉದುರಿಹೋಗುತ್ತವೆ.

ಮೊದಲು ದೊಡ್ಡದನ್ನೇ ನೋಡೋಣ. ಎನ್‌ಸಿಇಆರ್‌ಟಿ ನಡೆಸುವ ಡಿಪ್ಲೊಮಾ ಇನ್ ಗೈಡನ್ಸ್ ಅಂಡ್ ಕೌನ್ಸೆಲಿಂಗ್. ಒಂದು ವರ್ಷದ್ದು. ನಾನು ಮಾಡಿದಾಗ ಮೊದಲ ಆರು ತಿಂಗಳು ದೂರಶಿಕ್ಷಣ, ಆಮೇಲೆ ಮೂರು ತಿಂಗಳು ಕ್ಯಾಂಪಸ್ಸಿನಲ್ಲೇ ಇದ್ದು ತರಗತಿ, ಕೊನೆಯ ಮೂರು ತಿಂಗಳು ಅವರವರ ಊರಿಗೆ ವಾಪಸ್ ಬಂದು ಇಂಟರ್ನ್‌ಶಿಪ್. ದೆಹಲಿ, ಅಜ್ಮೇರ್, ಭೋಪಾಲ್, ಭುವನೇಶ್ವರ, ಶಿಲ್ಲಾಂಗ್ ಕೇಂದ್ರಗಳ ಜೊತೆ ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದೆ. ಮಾನಸಗಂಗೋತ್ರಿಯ ಆಸುಪಾಸಿನ ಆ ಹಸಿರು ಕ್ಯಾಂಪಸ್ಸು 1963ರಿಂದ ದಕ್ಷಿಣದ ರಾಜ್ಯಗಳ ಟೀಚರ್‌ಗಳನ್ನು ತಯಾರು ಮಾಡುತ್ತಿದೆ. ನಮ್ಮ ತರಗತಿಯಲ್ಲಿ ಕೇರಳದವರು, ತಮಿಳುನಾಡಿನವರು, ತೆಲುಗಿನವರು ಎಲ್ಲ ಇದ್ದೆವು. (ದಸರಾ ಶುರುವಾಗುವ ಹೊತ್ತಿಗೆ ಸರಿಯಾಗಿ ಗಂಟುಮೂಟೆ ಕಟ್ಟಬೇಕಾಯಿತು ಅನ್ನುವುದು ಬೇರೆ ಬೇಜಾರು.)

ಈ ಕೋರ್ಸಿನ ಜೀವ ಇರುವುದು ಕ್ಯಾಂಪಸ್ಸಿನ ಆ ಮೂರು ತಿಂಗಳಲ್ಲಿ. ಮೂವರ ಗುಂಪು ಮಾಡಿಕೊಳ್ಳುತ್ತಿದ್ದೆವು. ಒಬ್ಬರು ಕೌನ್ಸೆಲರ್, ಒಬ್ಬರು ವಿದ್ಯಾರ್ಥಿ, ಮೂರನೆಯವರು ಬಾಯಿ ಬಿಡದೆ ನೋಡಿ ಬರೆದುಕೊಳ್ಳುವವರು. ಟೀಚರ್‌ಗಳಿಗೆ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಪಾಠ ಹೇಳಿ ರೂಢಿಯಾದವರಿಗೆ ಎದುರಿನವರು ಸುಮ್ಮನಾದರೆ ತಡೆಯಲು ಆಗಲ್ಲ, ತಕ್ಷಣ ಏನೋ ಒಂದು ಕೇಳಿಬಿಡುತ್ತೇವೆ. ಕೇರಳದ ಮೇಡಂ ಒಬ್ಬರು ನೋಡುವ ಸರದಿಯಲ್ಲಿ ಪ್ರತಿ ಪ್ರಶ್ನೆಗೂ ಒಂದೊಂದು ಗೆರೆ ಹಾಕುತ್ತಿದ್ದರು. ರೋಲ್ ಪ್ಲೇ ಮುಗಿದ ಮೇಲೆ ಕಾಗದ ನಮ್ಮ ಕಡೆ ತಿರುಗಿಸುತ್ತಿದ್ದರು, ಅಷ್ಟೇ. ಸಾಲುಗಟ್ಟಿದ ಗೆರೆಗಳನ್ನು ನೋಡಿದ ಮೇಲೆ ಯಾವ ಲೆಕ್ಚರೂ ಬೇಕಿರಲಿಲ್ಲ.

ಕರಿಯರ್ ಮಾಹಿತಿ, ಅಸೆಸ್‌ಮೆಂಟ್, ಬೇಸಿಕ್ ಸ್ಟ್ಯಾಟಿಸ್ಟಿಕ್ಸ್ ಕೂಡ ಇದೆ. ಸ್ಟ್ಯಾಟಿಸ್ಟಿಕ್ಸ್ ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಪರ್ಸೆಂಟೈಲ್ ಬೇರೆ, ಪರ್ಸೆಂಟೇಜ್ ಬೇರೆ ಅಂತ ಗೊತ್ತಿಲ್ಲದೆ ಆಪ್ಟಿಟ್ಯೂಡ್ ಟೆಸ್ಟ್ ರಿಪೋರ್ಟ್ ಹಿಡಿದು ಅಪ್ಪ-ಅಮ್ಮನ ಎದುರು ಕೂತರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ನಲವತ್ತನೇ ಪರ್ಸೆಂಟೈಲ್ ಅಂದರೆ ನೂರು ಮಕ್ಕಳಲ್ಲಿ ಸುಮಾರು ನಲವತ್ತು ಮಂದಿಗಿಂತ ಮುಂದಿದ್ದಾನೆ ಅಂತ ಅರ್ಥ. ಅವರು ಮಾತ್ರ ಮಗ ನೂರಕ್ಕೆ ನಲವತ್ತು ತೆಗೆದಿದ್ದಾನೆ ಅಂದುಕೊಂಡು ಅಲ್ಲೇ ಬೈಯಲು ಶುರು ಮಾಡುತ್ತಾರೆ.

ತೊಡಕು ಇರುವುದು ರಜೆಯಲ್ಲಿ. ಮೂರು ತಿಂಗಳು ಮೈಸೂರಿನಲ್ಲಿ ಇರುತ್ತೇನೆ ಅಂದರೆ ಯಾವ ಪ್ರೈವೇಟ್ ಮ್ಯಾನೇಜ್‌ಮೆಂಟ್ ಹೂಂ ಅನ್ನುತ್ತದೆ? ಇಲಾಖೆಯೇ ಡೆಪ್ಯುಟ್ ಮಾಡಿ ಕಳಿಸುವ ಸರ್ಕಾರಿ ಶಿಕ್ಷಕರಿಗೆ ಇದು ಚಿನ್ನದಂಥ ಅವಕಾಶ. ಉಳಿದವರು ಕೆಲಸ ಬಿಟ್ಟೋ, ಎರಡು ಕೆಲಸಗಳ ನಡುವಿನ ಬಿಡುವು ನೋಡಿಕೊಂಡೋ ಹೋಗಬೇಕು.

ನಿಮ್ಹಾನ್ಸ್‌ನದು ಇದಕ್ಕೆ ಪೂರ್ತಿ ಉಲ್ಟಾ. ಸಮಯ ಕಡಿಮೆ, ವಿಷಯ ಒಂದೇ, ಆದರೆ ಆಳಕ್ಕೆ ಹೋಗುತ್ತದೆ. ಅಲ್ಲಿನ ಮಕ್ಕಳ ಮನೋವೈದ್ಯಕೀಯ ವಿಭಾಗದವರು ಬಹಳ ಹಿಂದಿನಿಂದಲೂ ಶಿಕ್ಷಕರಿಗೆ, ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತಿದ್ದಾರೆ. 2020ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ ಶುರುವಾದ, ಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೋಗ್ಯದ ಕಾರ್ಯಕ್ರಮ ಸಂವಾದ್ ಇರುವುದೂ ಅಲ್ಲೇ. ಇಲ್ಲಿ ಸ್ಲೈಡ್ ಓದಿ ಹೇಳುವ ಕಾಟ ಇಲ್ಲ. ಕೇಸು ಕೊಡುತ್ತಾರೆ, ಸಿನಿಮಾ ತುಣುಕು ತೋರಿಸುತ್ತಾರೆ, ಎದ್ದು ನಿಂತು ಮಾಡಿ ತೋರಿಸಿ ಅನ್ನುತ್ತಾರೆ.

ನನಗೆ ದಿನಾ ಉಪಯೋಗಕ್ಕೆ ಬರುವ ಒಂದು ವಿಧಾನ ಇಲ್ಲಿಂದ ಬಂದದ್ದು. ಮಗುವಿನ ವರ್ತನೆ ನೋಡಿದ ಕೂಡಲೇ ಅದರ ಮೇಲೆ ಬೀಳಬೇಡಿ. ಆ ಮಗು ಯಾವ ಪರಿಸ್ಥಿತಿಯಲ್ಲಿದೆ, ಏನು ಅನುಭವಿಸಿದೆ, ಆ ಅನುಭವದಿಂದ ತನಗೆ ತಾನೇ ಏನು ಹೇಳಿಕೊಳ್ಳುತ್ತಿದೆ ಅಂತ ಒಂದೊಂದಾಗಿ ಬರೆಯಿರಿ. ಈ ಕೊನೆಯದಕ್ಕೆ ಅವರು ಇನ್ನರ್ ವಾಯ್ಸ್ ಅನ್ನುತ್ತಾರೆ. ಏಳನೇ ಕ್ಲಾಸಿನ ಹುಡುಗ ದಿನಾ ಯಾರಿಗಾದರೂ ಹೊಡೆಯುತ್ತಾನೆ ಅಂದುಕೊಳ್ಳಿ. ಅವನ ಮನೆಯಲ್ಲಿ ಕುಡಿತ ಇದೆ, ಏಟು ಇದೆ. "ನನ್ನ ಪರವಾಗಿ ಯಾರೂ ಬರಲ್ಲ, ನಾನೇ ಮೊದಲು ಹೊಡೀಬೇಕು" ಅಂತ ಅವನ ಒಳಗೆ ಓಡುತ್ತಿರಬಹುದು. ಇಷ್ಟು ಬರೆದ ಮೇಲೆ "ಹೊಡೀಬಾರದು ಕಣೋ, ತಪ್ಪು" ಅನ್ನುವ ಬುದ್ಧಿಮಾತು ಎಷ್ಟು ಟೊಳ್ಳು ಅಂತ ನಮಗೇ ಗೊತ್ತಾಗುತ್ತದೆ. ಕ್ಲಾಸ್ ಟೀಚರ್‌ಗಳಿಗೂ ಇದನ್ನು ಹೇಳಿಕೊಡಬಹುದು, ಒಂದು ಹಾಳೆ ಸಾಕು.

ಇನ್ನೊಂದು, ಆತ್ಮಹತ್ಯೆ ತಡೆಗೆ ಅಲ್ಲಿನ ತಜ್ಞರು ನಡೆಸಿದ ಕಾರ್ಯಾಗಾರ. ನೇರವಾಗಿ ಕೇಳಿದರೆ ಮಗುವಿನ ತಲೆಗೆ ಇಲ್ಲದ ಯೋಚನೆ ತುಂಬಿದ ಹಾಗೆ ಆಗುತ್ತದೆ ಅನ್ನುವ ಭಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದೆ. ಹಾಗೆ ಆಗಲ್ಲ ಅಂತ ಅಧ್ಯಯನಗಳು ಹೇಳುತ್ತವೆ, ಪುಸ್ತಕದಲ್ಲೂ ಓದಿರುತ್ತೇವೆ. ಓದುವುದು ಬೇರೆ, ಬಾಯಲ್ಲಿ ಹೇಳುವುದು ಬೇರೆ. ಜೋಡಿ ಮಾಡಿ ಕೂರಿಸಿ "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಅಂತ ಕನ್ನಡದಲ್ಲೇ, ಕಣ್ಣು ನೋಡಿ, ಗೊಣಗದೆ ಕೇಳಿಸಿದರು. ಸುತ್ತಲೂ ಎಲ್ಲರೂ "ಏನಾದ್ರೂ ಮಾಡ್ಕೋಬೇಕು ಅಂತ... ಹಾಗೇನಿಲ್ಲ ತಾನೇ?" ಅಂತ ಸುತ್ತಿ ಬಳಸಿ ಬರುತ್ತಿದ್ದರು. "ಹಾಗೇನಿಲ್ಲ ತಾನೇ ಅಂದ್ರೆ ಮಗು ಇಲ್ಲ ಅಂತಲೇ ಹೇಳುತ್ತೆ, ಇನ್ನೊಂದ್ಸಲ ಕೇಳಿ" ಅಂದರು. ಸಲೀಸಾಗಿ ಬರುವ ತನಕ ಬಿಡಲಿಲ್ಲ. ಕೇಳಿದ ಮೇಲೆ ಏನು ಮಾಡಬೇಕು, ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರನ್ನು ಹೇಗೆ ಕರೆಸಬೇಕು, ಯಾವಾಗ ಆಸ್ಪತ್ರೆಗೆ ಕಳಿಸಬೇಕು ಅನ್ನುವುದೂ ಅಲ್ಲೇ ಬಂತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಈಗ ನನ್ನ ಕೋಣೆಯ ಬಾಗಿಲ ಮೇಲೂ ಇದೆ, ಸ್ಟಾಫ್ ರೂಮಿನ ಬೋರ್ಡಿನ ಮೇಲೂ ಇದೆ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಬಗ್ಗೆಯೂ ಇಂಥದೇ ಅಭ್ಯಾಸ ಬೇಕು. "ಮಿಸ್, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ, ಆಮೇಲೆ ಹೇಳ್ತೀನಿ" ಅಂತ ಮಗು ಕೇಳಿದರೆ ನೀವು ಏನನ್ನುತ್ತೀರಿ? 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಹಾಗಾಗಿ ಪ್ರಾಮಿಸ್ ಮಾಡುವ ಹಾಗಿಲ್ಲ. ಆದರೆ "ಆಗಲ್ಲ" ಅಂದುಬಿಟ್ಟರೆ ಮಗು ಎದ್ದು ಹೋಗುತ್ತದೆ. "ನಿನ್ನ ಸೇಫ್ಟಿ ವಿಷಯ ಆದ್ರೆ ನಾನು ಇನ್ನೊಬ್ರ ಸಹಾಯ ತಗೋಬೇಕಾಗುತ್ತೆ. ಯಾರಿಗೆ, ಏನು ಹೇಳ್ತೀನಿ ಅಂತ ನಿಂಗೆ ಹೇಳದೆ ಏನೂ ಮಾಡಲ್ಲ." ಈ ಧಾಟಿಯ ಮಾತು ಕಾಯ್ದೆ ಓದಿದರೆ ಬರಲ್ಲ, ರೋಲ್ ಪ್ಲೇ ಮಾಡಿದರೆ ಬರುತ್ತದೆ.

ನಿಮ್ಹಾನ್ಸ್ ಮಾದರಿಗೂ ಒಂದು ಮಿತಿ ಇದೆ. ಕಾರ್ಯಾಗಾರ ಮುಗಿದ ಮೇಲೆ ನೀವು ನಿಮ್ಮ ಸ್ಕೂಲಿಗೆ ವಾಪಸ್. ಅಲ್ಲಿ ನಿಮ್ಮನ್ನು ನೋಡುವವರು ಯಾರೂ ಇಲ್ಲ. ಹೊಸ ಬಿಸಿ ಆರುವುದು ಬೇಗ.

ಮೂರನೆಯದು ಬೆಂಗಳೂರಿನ ವೀಕೆಂಡ್ ಡಿಪ್ಲೊಮಾಗಳು. ಇಂಥವು ಹತ್ತಾರಿವೆ, ಒಂದಕ್ಕೊಂದು ಹೋಲಿಕೆ ಇಲ್ಲ. ನಾನು ಸೇರಿದ ಕಡೆ ಕೇಳಿಸಿಕೊಳ್ಳುವ ಕೌಶಲ ಚೆನ್ನಾಗಿಯೇ ಕಲಿಸಿದರು, ನಮ್ಮನ್ನು ನಾವು ನೋಡಿಕೊಳ್ಳುವುದಕ್ಕೂ ಜಾಗ ಇತ್ತು. ಆದರೆ ಕೇಸುಗಳೆಲ್ಲ ಗಂಡ-ಹೆಂಡತಿ, ಆಫೀಸ್ ಸ್ಟ್ರೆಸ್, ಡೈವೋರ್ಸ್. ಸ್ಕೂಲು ಅನ್ನುವ ಜಾಗವೇ ಆ ಸಿಲಬಸ್ಸಿನಲ್ಲಿ ಇರಲಿಲ್ಲ. ಐವತ್ತು ನಿಮಿಷದ ಸೆಷನ್ ಅಂದರು. ನಮಗೆ ಸಿಗುವುದು ಒಂದು ಪಿರಿಯಡ್ಡು, ಅದೂ ಪಿ.ಟಿ. ಸರ್ ದೊಡ್ಡ ಮನಸ್ಸು ಮಾಡಿದರೆ. ಗೋಪ್ಯತೆ ಬಗ್ಗೆ ಇಡೀ ಭಾನುವಾರ ಪಾಠ ಆಯಿತು. ಕಾರಿಡಾರಿನಲ್ಲಿ ಕ್ಲಾಸ್ ಟೀಚರ್ ತಡೆದು "ಏನಂತೆ ರೀ ಅವಳ ಕಥೆ?" ಅಂತ ಕೇಳಿದಾಗ ನಗುನಗುತ್ತಲೇ ಏನೂ ಹೇಳದೆ, ಅವರ ಜೊತೆ ಜಗಳವನ್ನೂ ಆಡದೆ ಪಾರಾಗುವುದು ಹೇಗೆ ಅನ್ನುವುದು ಮಾತ್ರ ಬರಲಿಲ್ಲ. ಮುಂದೆ ಸ್ವಂತ ಪ್ರಾಕ್ಟೀಸ್ ಮಾಡುವ ಆಸೆ ಇದ್ದವರಿಗೆ ಇದು ಸರಿ. ಸ್ಕೂಲಿನಲ್ಲೇ ಇರುವವರಿಗೆ ಅರ್ಧ ಹೊಟ್ಟೆ ಊಟ.

ಕರಿಯರ್ ಕೌನ್ಸೆಲಿಂಗ್ ಸರ್ಟಿಫಿಕೇಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನು ಹೋದದ್ದು ತರಬೇತಿ ಹೆಸರಿನಲ್ಲಿ ನಡೆದ ಮಾರಾಟ. ಅವರ ಟೆಸ್ಟನ್ನು ನಮ್ಮ ಮಕ್ಕಳಿಗೆ ಮಾರಬೇಕು, ತಲೆಗಿಷ್ಟು ಅಂತ ನಮಗೆ ಕಮಿಷನ್. ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಸೇರಿ ಮಾಡಿದ ತಮನ್ನಾ ಆಪ್ಟಿಟ್ಯೂಡ್ ಟೆಸ್ಟ್ 9 ಮತ್ತು 10ನೇ ತರಗತಿಯವರಿಗೆ ಪುಕ್ಕಟೆಯಾಗಿ ಇರುವಾಗ ಇದು ಯಾಕೆ ಬೇಕು? ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಸಿಎಂಬಿ ಬಿಟ್ಟರೆ ಬೇರೇನೂ ಇಲ್ಲ ಅಂದುಕೊಂಡ ಅಪ್ಪನಿಗೆ ಪಾಲಿಟೆಕ್ನಿಕ್, ಐಟಿಐ, ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಬಗ್ಗೆ ಸರಿಯಾದ ಮಾಹಿತಿ ಕೊಡಲು ಒಂದು ಮಧ್ಯಾಹ್ನ ಆ ಕಾಲೇಜುಗಳಿಗೇ ಹೋಗಿ ಬಂದರೆ ಸಾಕು.

ಆನ್‌ಲೈನ್ ಕೋರ್ಸುಗಳಿಗೆ ಅವುಗಳದೇ ಜಾಗ ಇದೆ. ಸಿಬಿಎಸ್‌ಇ ಸ್ಕೂಲಿನ ಟೀಚರ್‌ಗಳಿಗೆ ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ. ಗಂಟೆ ತುಂಬಿಸಲು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ದೀಕ್ಷಾದಲ್ಲಿ ಬೇಕಾದಷ್ಟು ಸಿಗುತ್ತದೆ. ಸತ್ಯ ಹೇಳಬೇಕೆಂದರೆ ಒಂದು ಕಡೆ ವಿಡಿಯೊ ಓಡುತ್ತಿರುತ್ತದೆ, ಇನ್ನೊಂದು ಕಡೆ ನೋಟ್ಸ್ ತಿದ್ದುವ ಕೆಲಸ ನಡೆಯುತ್ತಿರುತ್ತದೆ, ಅಲ್ವಾ? ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಶುರು ಮಾಡಿದ ಮನೋದರ್ಪಣದ ಚರ್ಚೆಗಳು ಇವುಗಳಲ್ಲಿ ಸ್ವಲ್ಪ ವಾಸಿ. ವಿಷಯ ಗೊತ್ತಾಗುತ್ತದೆ, ಕೈಗೆ ಅಭ್ಯಾಸ ಆಗಲ್ಲ.

ಕೊನೆಯದಕ್ಕೆ ಸರ್ಟಿಫಿಕೇಟೇ ಇಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಅಕ್ಕಪಕ್ಕದ ಸ್ಕೂಲಿನ ಕೆಲವು ಕೌನ್ಸೆಲರ್‌ಗಳು ಸೇರಿ ಒಬ್ಬ ಅನುಭವಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಗ್ರೂಪ್ ಸೂಪರ್‌ವಿಷನ್ ತೆಗೆದುಕೊಳ್ಳುತ್ತೇವೆ. ಅಂದರೆ ನಮ್ಮ ಕೇಸುಗಳನ್ನು ಅವರ ಮುಂದಿಟ್ಟು ತಿದ್ದಿಸಿಕೊಳ್ಳುತ್ತೇವೆ. ಶನಿವಾರ ಮಧ್ಯಾಹ್ನ, ಫೀಸು ಹಂಚಿಕೊಂಡು. ಮಕ್ಕಳ ಮಾತನ್ನು ರೆಕಾರ್ಡ್ ಮಾಡುವ ಹಾಗಿಲ್ಲ. ಆದ್ದರಿಂದ ಸೆಷನ್ ಆದ ಕೂಡಲೇ ನೆನಪಿರುವಷ್ಟನ್ನು ವರ್ಬೇಟಿಮ್, ಅಂದರೆ ಆಡಿದ ಮಾತನ್ನು ಹಾಗೆಹಾಗೇ, ಬರೆಯುತ್ತೇವೆ. ಹೆಸರು, ಗುರುತು ಎಲ್ಲ ತೆಗೆದು. ಎಡಗಡೆ ಮಗು ಹೇಳಿದ್ದು, ಮಧ್ಯೆ ಕೌನ್ಸೆಲರ್ ಹೇಳಿದ್ದು, ಬಲಗಡೆ ಆಗ ಕೌನ್ಸೆಲರ್ ಮನಸ್ಸಿನಲ್ಲಿ ಏನಿತ್ತು ಅನ್ನುವುದು.

ಗುಂಪಿನ ಒಬ್ಬರು ತಂದ ಹಾಳೆ ಹೀಗಿತ್ತು. ಮಗು: "ಮನೇಲಿ ಓದೋಕೆ ಆಗಲ್ಲ ಮಿಸ್." ಕೌನ್ಸೆಲರ್: "ಟೈಮ್ ಟೇಬಲ್ ಹಾಕ್ಕೊಂಡಿದ್ಯಾ?" ಬಲಗಡೆ: "ಪ್ರಿ-ಬೋರ್ಡ್ ಹತ್ತಿರ ಬಂತು, ಕ್ಲಾಸ್ ಟೀಚರ್ ಕೇಳ್ತಾರೆ." ಸೂಪರ್‌ವೈಸರ್ ಬೇರೇನೂ ಹೇಳಲಿಲ್ಲ. ಬಲಗಡೆಯ ಸಾಲಿನ ಮೇಲೆ ಪೆನ್ ಇಟ್ಟು, "ಈ ಪ್ರಶ್ನೆ ಕೇಳಿದ್ದು ನೀವಾ, ಕ್ಲಾಸ್ ಟೀಚರಾ?" ಅಂದರು. ಮುಂದಿನ ಒಂದು ಗಂಟೆ ನಾವು ಮಾತಾಡಿದ್ದು ಇದನ್ನೇ. ಸ್ಕೂಲಿನ ಸಂಬಳ ತೆಗೆದುಕೊಂಡು ಮಗುವಿನ ಕಡೆ ಕೂರುವುದು ಹೇಗೆ? ವೀಕೆಂಡ್ ಕೋರ್ಸಿನಲ್ಲಿ ಈ ಪ್ರಶ್ನೆ ಏಳಲೇ ಇಲ್ಲ, ಡಿಪ್ಲೊಮಾದಲ್ಲಿ ಒಂದು ಅಧ್ಯಾಯ ಇತ್ತು. ಇಲ್ಲಿ ಒಂದು ಸಾಲಿನಿಂದ ಎದ್ದು ಬಂತು.

ಇದಕ್ಕೂ ಕುಂದಿಲ್ಲ ಅಂತಲ್ಲ. ಪೇಪರ್ ಕೇಳುವ ಅಫಿಲಿಯೇಷನ್ ಇನ್‌ಸ್ಪೆಕ್ಷನ್‌ಗೆ ಇದು ಲೆಕ್ಕಕ್ಕೇ ಬರಲ್ಲ. ಬುಡ ಗಟ್ಟಿ ಇಲ್ಲದವರು ನೇರ ಇಲ್ಲಿಗೆ ಬಂದರೆ ಏನು ಬರೆಯಬೇಕು ಅಂತಲೇ ತಿಳಿಯಲ್ಲ. ಸಣ್ಣ ಊರುಗಳಲ್ಲಿ ಇಂಥ ಸೂಪರ್‌ವೈಸರ್ ಸಿಗುವುದೂ ಕಷ್ಟ. ಹಾಸನದ ಗೆಳತಿಯೊಬ್ಬರು ವಿಡಿಯೊ ಕಾಲ್‌ನಲ್ಲಿ ಸೇರಿಕೊಳ್ಳುತ್ತಾರೆ, ನಡೆಯುತ್ತದೆ.

ಫೋನ್ ಮಾಡುವವರಿಗೆ ನಾನು ಹೇಳುವುದು ಹೀಗೆ. ಸರ್ಕಾರಿ ಶಾಲೆಯವರಾದರೆ ಕಣ್ಣು ಮುಚ್ಚಿಕೊಂಡು ಎನ್‌ಸಿಇಆರ್‌ಟಿ ಡಿಪ್ಲೊಮಾಗೆ ಅರ್ಜಿ ಹಾಕಿ. ಬಯಾಲಜಿ ಪಾಠದ ಜೊತೆ ಈ ಕೆಲಸ ಹೊತ್ತವರು ಮೊದಲು ಆತ್ಮಹತ್ಯೆ ತಡೆ ಮತ್ತು ಪೋಕ್ಸೊ ಕಾರ್ಯಾಗಾರ ಮಾಡಿ. ನಾಳೆ ಬೆಳಿಗ್ಗೆಯೇ ಬಾಗಿಲು ತಟ್ಟಬಹುದಾದ ವಿಷಯಗಳು ಅವು, ಉಳಿದದ್ದು ಕಾಯುತ್ತದೆ. ಎಂ.ಎಸ್ಸಿ. ಸೈಕಾಲಜಿ ಮುಗಿಸಿ ಬಂದ ಹುಡುಗಿಯರಿಗೆ ಇನ್ನೊಂದು ಡಿಪ್ಲೊಮಾ ಬೇಡ, ಸೂಪರ್‌ವಿಷನ್ ಬೇಕು. ಅದರ ಫೀಸನ್ನು ಸ್ಕೂಲೇ ಕೊಡಲಿ ಅಂತ ಕೆಲಸಕ್ಕೆ ಸೇರುವಾಗಲೇ ಮಾತಾಡಿಕೊಳ್ಳಿ, ಸೇರಿದ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಯಾವ ಕೋರ್ಸೇ ಆಗಲಿ, ದುಡ್ಡು ಕಟ್ಟುವ ಮುಂಚೆ ಆಫೀಸಿಗೆ ಒಂದು ಫೋನ್ ಮಾಡಿ. ಎಷ್ಟು ಗಂಟೆ ರೋಲ್ ಪ್ಲೇ ಇದೆ, ಕಲಿಸುವವರಲ್ಲಿ ಸ್ಕೂಲಿನಲ್ಲಿ ಕೆಲಸ ಮಾಡಿದವರು ಯಾರಿದ್ದಾರೆ, ನನ್ನ ಕೇಸ್ ನೋಟ್ಸ್ ಯಾರು ಓದುತ್ತಾರೆ, ಕೋರ್ಸ್ ಮುಗಿದ ಮೇಲೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಅಂತ ಕೇಳಿ. "ಬ್ರೋಷರ್ ಕಳಿಸ್ತೀವಿ ಮೇಡಂ, ನೋಡ್ಕೊಳಿ" ಅಂದರೆ ಆ ದುಡ್ಡನ್ನು ಎತ್ತಿಟ್ಟುಕೊಂಡು ಪಕ್ಕದ ಸ್ಕೂಲಿನ ಕೌನ್ಸೆಲರ್ ಯಾರು ಅಂತ ವಿಚಾರಿಸಿ.