ಬೋನಸ್ ಕೇಳಿದಾಗ ತುಟ್ಟಿಭತ್ಯೆ, ಗ್ರಾಚ್ಯುಟಿ ಕೇಳಿದಾಗ ಬರೀ ಭತ್ಯೆ: ನನಗಾದದ್ದು ನಿಮಗಾಗದಿರಲಿ

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಐದು ವರ್ಷ ನಾಲ್ಕು ತಿಂಗಳು ದುಡಿದು, 2023ರ ಸೆಪ್ಟೆಂಬರ್ 30ರಂದು ಕೆಲಸ ಬಿಟ್ಟೆ. ನನಗೆ ಬಂದೇ ಬರುತ್ತದೆ ಎಂದು ನಂಬಿದ್ದ ಹಣದಲ್ಲಿ ಅರವತ್ತು ಸಾವಿರ ರೂಪಾಯಿಗೂ ಹೆಚ್ಚು ಬರಲಿಲ್ಲ. ಹಣ ಹೋದದ್ದಕ್ಕಿಂತಲೂ, ಅದನ್ನು ಕೊಡದಿರಲು ಅವರು ಬರೆದ ಎರಡು ಉತ್ತರಗಳು ನನ್ನನ್ನು ಈಗಲೂ ನಿದ್ದೆಗೆಡಿಸುತ್ತಿವೆ.

2018ರ ಜೂನ್‌ನಲ್ಲಿ ಸೇರುವಾಗ ಕೊಟ್ಟ ನೇಮಕಾತಿ ಪತ್ರದಲ್ಲಿ ಎರಡು ಬಾಬತ್ತುಗಳಿದ್ದವು. ಒಂದು, ವಾರ್ಷಿಕ ಬೋನಸ್ 48,000 ರೂಪಾಯಿ. ಅದನ್ನು ಸಿಟಿಸಿ (ಒಬ್ಬ ಉದ್ಯೋಗಿಗೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಲೆಕ್ಕದಲ್ಲಿಯೇ ಸೇರಿಸಿದ್ದರು. ಇನ್ನೊಂದು, ತಿಂಗಳಿಗೆ 4,500 ರೂಪಾಯಿಯ ‘ಜೀವನ ವೆಚ್ಚ ಭತ್ಯೆ’. ಬೋನಸ್ ಬಗ್ಗೆ ನಾನು ಕೇಳಿದ್ದೆ. ಸಂದರ್ಶನ ಮಾಡಿದ ಮ್ಯಾನೇಜರ್, “ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ, ಪ್ರತಿ ಆಯುಧಪೂಜೆಗೆ ಎಲ್ಲರಿಗೂ ಬರುತ್ತೆ” ಎಂದರು. ಭತ್ಯೆಯ ಬಗ್ಗೆ ಕೇಳಲೇ ಇಲ್ಲ. ನನ್ನ ಅಣ್ಣ ಸರ್ಕಾರಿ ಶಾಲೆಯ ಮೇಷ್ಟ್ರು. ಅವನಿಗೆ ಜನವರಿ ಮತ್ತು ಜುಲೈ ಲೆಕ್ಕಕ್ಕೆ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದನ್ನು ಮನೆಯಲ್ಲಿ ನೋಡುತ್ತಲೇ ಬಂದವನು ನಾನು. ನನ್ನದೂ ಅಂಥದ್ದೇ ಎಂದುಕೊಂಡೆ. ಐದು ವರ್ಷದಲ್ಲಿ ಅದು ಒಂದು ರೂಪಾಯಿಯೂ ಏರಲಿಲ್ಲ, ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಮಾರ್ಚ್ 2023ಕ್ಕೆ ಮುಗಿದ ಹಣಕಾಸು ವರ್ಷದಲ್ಲಿ ನಾನು ಹನ್ನೆರಡು ತಿಂಗಳೂ ಕೆಲಸ ಮಾಡಿದ್ದೆ. ಆ ವರ್ಷದ ಬೋನಸ್ ಅಕ್ಟೋಬರ್‌ನಲ್ಲಿ, ಆಯುಧಪೂಜೆಗೆ ಮುಂಚೆ ಬರಬೇಕು. ಭಾವನವರಿಂದ ಪಡೆದಿದ್ದ ಕೈಸಾಲವನ್ನು ಹಬ್ಬದ ಹೊತ್ತಿಗೆ ತೀರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹಬ್ಬದ ವಾರ ಹಳೆಯ ಸಹೋದ್ಯೋಗಿಗಳಿಗೆಲ್ಲ ಹಣ ಜಮೆಯಾಯಿತು, ನನಗೆ ಬರಲಿಲ್ಲ. ಫೋನ್ ಮಾಡಿದಾಗ ಎಚ್‌ಆರ್ ಮೇಡಂ ಹೇಳಿದ್ದು ಇಷ್ಟು: “ಸರ್, ಅದು ಡಿಸ್ಕ್ರೀಷನರಿ. ಮ್ಯಾನೇಜ್‌ಮೆಂಟ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಪತ್ರದ ಮೂರನೇ ಪುಟ ನೋಡಿ.” ನೋಡಿದೆ. ಬೋನಸ್ ಕೊಡುವುದು ಆಡಳಿತ ಮಂಡಳಿಯ ಸಂಪೂರ್ಣ ವಿವೇಚನೆಗೆ ಬಿಟ್ಟದ್ದು, ಪಾವತಿಯ ದಿನ ಉದ್ಯೋಗಿಯು ಸೇವೆಯಲ್ಲಿರಬೇಕು, ನೋಟಿಸ್ ಅವಧಿಯಲ್ಲಿ ಇರಬಾರದು ಎಂದು ಅಲ್ಲಿ ಬರೆದಿತ್ತು. ಕೆಳಗೆ ನನ್ನದೇ ಸಹಿ. ಸ್ಟೋರ್ಸ್‌ನಲ್ಲಿ ಒಂದು ಪೆಟ್ಟಿಗೆ ಬೇರಿಂಗ್ ಕಡಿಮೆ ಬಂದರೂ ಚಲನ್ ಹಿಡಿದು ಕೇಳುತ್ತಿದ್ದವನು, ನನ್ನ ಸಂಬಳದ ಕಾಗದದ ಮೂರನೇ ಪುಟವನ್ನು ಓದಿರಲಿಲ್ಲ. ಇದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ ನಾಲ್ಕು ದಿನ ಸುಮ್ಮನಿದ್ದೆ.

ಸರಿ, ಅದು ಅವರ ಇಷ್ಟ ಎಂದಾದರೆ ಕಾನೂನಿನ ಬೋನಸ್ಸಾದರೂ ಕೊಡಲಿ ಎಂದು ಇಮೇಲ್ ಬರೆದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1965ರ ಬೋನಸ್ ಪಾವತಿ ಕಾಯ್ದೆಯ ಪ್ರಕಾರ ಕನಿಷ್ಠ ಬೋನಸ್ ಶೇ 8.33 ಇತ್ತು. ತಿಂಗಳ ವೇತನ 21,000 ರೂಪಾಯಿ ಮೀರದವರಿಗೆ, ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಸಾಕು, ಅದು ಸಲ್ಲುತ್ತಿತ್ತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಹೋಗುತ್ತಿರಲಿಲ್ಲ. ಲೆಕ್ಕ ಹಾಕುತ್ತಿದ್ದುದು 7,000 ರೂಪಾಯಿಯ ಮೇಲೆ, ಅಥವಾ ಆ ಉದ್ಯಮದ ಕನಿಷ್ಠ ವೇತನ ಅದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ. ಆದ್ದರಿಂದ ದೊಡ್ಡ ಮೊತ್ತವೇನಲ್ಲ, ಆದರೆ ಅದು ಹಕ್ಕು. ನನ್ನ ಮೂಲವೇತನ 18,000. ನಾನು ಅರ್ಹ ಎಂದುಕೊಂಡೆ. ಉತ್ತರ ಬಂತು: ನಿಮ್ಮ ಜೀವನ ವೆಚ್ಚ ಭತ್ಯೆಯು ತುಟ್ಟಿಭತ್ಯೆಯೇ ಆಗಿರುವುದರಿಂದ ನಿಮ್ಮ ವೇತನ 22,500 ರೂಪಾಯಿ ಆಗುತ್ತದೆ, ಮಿತಿ ದಾಟುತ್ತದೆ, ನೀವು ಅರ್ಹರಲ್ಲ.

ಕಾಯ್ದೆ ತೆಗೆದು ನೋಡಿದೆ. ಬೆಲೆ ಏರಿಕೆಯ ಕಾರಣಕ್ಕೆ ಕೊಡುವ ನಗದನ್ನು ಯಾವ ಹೆಸರಿನಿಂದ ಕರೆದರೂ ಅದು ತುಟ್ಟಿಭತ್ಯೆಯೇ ಎಂಬ ಅರ್ಥದ ಮಾತು ಅಲ್ಲಿ ನಿಜವಾಗಿಯೂ ಇತ್ತು. ಅವರ ಮಾತಿನಲ್ಲಿ ಹುರುಳಿದೆ ಎಂದು ಬಾಯಿ ಮುಚ್ಚಿಕೊಂಡೆ.

ಹದಿನೈದು ದಿನದ ನಂತರ ಗ್ರಾಚ್ಯುಟಿ, ಅಂದರೆ ದುಡಿದ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಕೊಡುವ ಹಣದ ಲೆಕ್ಕ ಬಂತು. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಪೂರ್ಣಗೊಂಡ ವರ್ಷಗಳಿಂದ ಗುಣಿಸುವ ಲೆಕ್ಕ ಎಲ್ಲರಿಗೂ ಗೊತ್ತಿರುವಂಥದ್ದೇ. ಆಗಿನ ಕಾಯ್ದೆಯಂತೆ ಆ ವೇತನದಲ್ಲಿ ಮೂಲವೇತನದ ಜೊತೆ ತುಟ್ಟಿಭತ್ಯೆ ಸೇರಬೇಕಿತ್ತು, ಬೇರೆ ಭತ್ಯೆಗಳು ಸೇರುತ್ತಿರಲಿಲ್ಲ. 22,500ರ ಮೇಲೆ ಐದು ವರ್ಷಕ್ಕೆ 64,904 ರೂಪಾಯಿ ಆಗುತ್ತದೆ. ಅವರು ಹಾಕಿದ್ದು 51,923. ಅಂದರೆ ಬರೀ 18,000ರ ಮೇಲೆ. ಯಾಕೆಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ: ಜೀವನ ವೆಚ್ಚ ಭತ್ಯೆಯು ನಿಶ್ಚಿತ ಮೊತ್ತವಾಗಿದ್ದು ಬೆಲೆ ಸೂಚ್ಯಂಕಕ್ಕೆ ಜೋಡಣೆಯಾಗಿಲ್ಲ, ಆದ್ದರಿಂದ ಅದು ತುಟ್ಟಿಭತ್ಯೆಯಲ್ಲ.

ಅದೇ ಭತ್ಯೆ, ಅದೇ ಕಚೇರಿ, ಅದೇ ಮೇಡಂ ಸಹಿ. ಅಕ್ಟೋಬರ್‌ನಲ್ಲಿ ತುಟ್ಟಿಭತ್ಯೆಯಾಗಿದ್ದದ್ದು ನವೆಂಬರ್‌ನಲ್ಲಿ ಅಲ್ಲವಾಯಿತು. ಎರಡೂ ಇಮೇಲ್‌ಗಳನ್ನು ಒಂದರ ಕೆಳಗೊಂದು ಇಟ್ಟು, ಎರಡರಲ್ಲಿ ಯಾವುದು ನಿಜವೋ ಅದಕ್ಕೆ ತಕ್ಕ ಹಣ ಕೊಡಿ ಎಂದು ಕೇಳಿದೆ. ಮೇಡಂ ಫೋನ್ ಮಾಡಿ, “ಸರ್, ಎರಡೂ ಬೇರೆ ಬೇರೆ ಕಾಯ್ದೆ, ನಿಮಗೆ ಅರ್ಥ ಆಗಲ್ಲ” ಎಂದರು. ನನಗೆ ಚೆನ್ನಾಗಿಯೇ ಅರ್ಥವಾಗಿದೆ. ಕಾಯ್ದೆ ಎರಡಿರಬಹುದು, ಆದರೆ ಹಣ ಹೊರಗೆ ಹೋಗಬೇಕಾದ ಎರಡು ಕಡೆಯಲ್ಲೂ ಅದು ಹೋಗದಂತೆ ಒಂದೇ ಭತ್ಯೆಗೆ ಎರಡು ಅರ್ಥ ಹಚ್ಚಿದ್ದಾರೆ.

ಹೊಸ ಕೆಲಸಕ್ಕೆ ಸೇರುವವರು ಬೋನಸ್ ಎಂಬ ಪದದ ಪಕ್ಕದಲ್ಲಿ ‘ವಿವೇಚನೆ’ ಎಂಬ ಮಾತಿದೆಯೇ ಎಂದು ದಯವಿಟ್ಟು ನೋಡಿ. ಇದ್ದರೆ ಆ ಮೊತ್ತವನ್ನು ಸಂಬಳವೆಂದು ಎಣಿಸಬೇಡಿ, ಅದನ್ನು ನಂಬಿ ಯಾರಿಗೂ ಮಾತು ಕೊಡಬೇಡಿ. ಭತ್ಯೆಯು ತುಟ್ಟಿಭತ್ಯೆಯೋ ಅಲ್ಲವೋ ಎಂಬುದನ್ನು ಸೇರುವ ದಿನವೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬಿಡುವುದಾದರೆ ಬೋನಸ್ ಖಾತೆಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ. ನಾನು ಒಂದು ತಿಂಗಳು ಕಾದಿದ್ದರೆ ಸಾಕಿತ್ತು. ಅಂತಿಮ ಲೆಕ್ಕದ ಜೊತೆ ಕೊಡುವ ‘ಯಾವುದೇ ಬಾಕಿ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಅದೊಂದನ್ನು ಮಾತ್ರ ನಾನು ಹಾಕಿರಲಿಲ್ಲ.

ಅದರಿಂದಾಗಿಯೇ ಈ ಫೆಬ್ರುವರಿಯಲ್ಲಿ ಎರಡೂ ಇಮೇಲ್‌ಗಳ ಪ್ರತಿಗಳೊಂದಿಗೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲು ಸಾಧ್ಯವಾಯಿತು. ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ. ಅದೇ ಮೂರನೇ ಪುಟಕ್ಕೆ ಸಹಿ ಹಾಕಿ ಇಂದಿಗೂ ಅಲ್ಲಿ ದುಡಿಯುತ್ತಿರುವ ಆರು ಜನರಿಗೆ ನಾನೇ ಫೋನ್ ಮಾಡಿ ಈ ವಿಷಯ ತಿಳಿಸಿದ್ದೇನೆ.